ಸಂಬಂಧ: ಪಕ್ಕದ ಅಂಗಡಿ

ಆಸ್ಪತ್ರೆಯ ಫಾರಂನಲ್ಲಿ 'ಜೊತೆಗೆ ಬಂದವರ ಸಂಬಂಧ' ಎಂದಿದ್ದ ಕಡೆ ಗಡಿಯಾರ ರಿಪೇರಿಯವನು 'ಪಕ್ಕದ ಅಂಗಡಿ' ಎಂದು ಬರೆದುಬಿಟ್ಟಿದ್ದ. ಎಡವಟ್ಟಾದದ್ದು ಅಲ್ಲೇ.

ಟೈಲರಮ್ಮನಿಗೆ ಕಾಯಿಲೆಯೇನೂ ಇರಲಿಲ್ಲ. ಆದರೆ ಅಮ್ಮನನ್ನೂ ಚಿಕ್ಕಮ್ಮನನ್ನೂ ಸ್ತನ ಕ್ಯಾನ್ಸರ್ ಕೊಂಡೊಯ್ದಿತ್ತು. ಅದೇ ಜೀನ್ ಅವಳಲ್ಲೂ ಇದೆಯೆಂದು ಪರೀಕ್ಷೆ ಹೇಳಿದ ಮೇಲೆ, ರೋಗ ಬರುವ ಮುಂಚೆಯೇ ಎರಡೂ ಸ್ತನ ತೆಗೆಸಿಬಿಡುವುದೆಂದು ಗಟ್ಟಿಮನಸ್ಸು ಮಾಡಿದ್ದಳು. ಅವಳ ಭಯವೆಲ್ಲ ಜೊತೆಗೆ ಬಂದ ಇವನ ಬಗ್ಗೆಯೇ. ಆಮೇಲೂ ಇವನು ಹೀಗೇ ನೋಡುತ್ತಾನೆಯೇ? ಐದು ವರ್ಷದಿಂದ ಕದ್ದು ಕದ್ದು ನೋಡುವುದು ಬಿಟ್ಟರೆ ತುಟಿ ಪಿಟಕ್ಕೆನ್ನದ ಪುಣ್ಯಾತ್ಮ!

ಸರ್ಜನ್, ಪ್ಲಾಸ್ಟಿಕ್ ಸರ್ಜನ್, ಕೌನ್ಸೆಲರ್, ಸಿಸ್ಟರ್ ಎಲ್ಲರೂ ಒಂದೇ ಮೇಜಿನ ಸುತ್ತ ಕೂತಿದ್ದರು. ಒಬ್ಬರಿಗೆ ಹೇಳಿದ್ದು ಉಳಿದವರಿಗೂ ಗೊತ್ತಿತ್ತು. ಅಮ್ಮನ ಫೈಲು ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದವಳಿಗೆ ಅಷ್ಟರಲ್ಲೇ ಅರ್ಧ ಜೀವ ಬಂದಿತ್ತು.

ಪ್ಲಾಸ್ಟಿಕ್ ಸರ್ಜನ್ ಹೊಸ ಎದೆಯ ಚಿತ್ರ ಬರೆದು ತೋರಿಸಿದರು. ಅವಳು ಪೆನ್ನು ಕಸಿದುಕೊಂಡಳು.

"ಎಡಗಡೆ ಕಾಲಿಂಚು ಮೇಲೆ ಬರ್ಬೇಕು ಡಾಕ್ಟ್ರೇ. ಹೀಗೇ ಬಿಟ್ರೆ ಬ್ಲೌಸ್ ಸರಿಯಾಗಿ ಕೂರಲ್ಲ."

"ನೀವೂ ನಮ್ಮ ಟೀಮಿಗೆ ಸೇರ್ಕೊಂಡ್ಬಿಡಿ!" ಎಂದು ಅವರು ನಕ್ಕರು.

ಅಷ್ಟರಲ್ಲಿ ಸಿಸ್ಟರ್ ಫಾರಂ ಎತ್ತಿಕೊಂಡರು. "ಇದೇನ್ರೀ, ಪಕ್ಕದ ಅಂಗಡಿ? ಆಪರೇಷನ್ ಆದ್ಮೇಲೆ ಕೆಲವು ವಾರ ಇವರು ಕೈ ಎತ್ತೋ ಹಾಗಿಲ್ಲ. ತಲೆ ಬಾಚೋಕೂ ಮನೆಯವರು ಬೇಕು, ಅಂಗಡಿಯವರಲ್ಲ."

ಅವನ ಕಿವಿ ಕೆಂಪಾಯಿತು. "ನಾನು ಬಾಚ್ತೀನಿ ಸಿಸ್ಟರ್. ಕೂದಲಿಗಿಂತ ಸಣ್ಣ ಸ್ಪ್ರಿಂಗ್ ಹಿಡಿಯೋ ಕೈ ಇದು."

ಎಲ್ಲರೂ ನಕ್ಕರು. ಅವಳು ಮಾತ್ರ ನಗದೆ ಅವನತ್ತ ತಿರುಗಿದಳು.

"ಯೋಚ್ನೆ ಮಾಡಿ ಮಾತಾಡ್ರೀ. ಆಮೇಲೆ ನಾನು ಈಗಿನ ಹಾಗೆ ಇರಲ್ಲ."

"ಇರ್ತೀರಲ್ಲ," ಎಂದ. ಮೊದಲ ಸಲ ಕದಿಯದೆ, ನೇರವಾಗಿ ಅವಳನ್ನು ನೋಡಿದ. "ನೀವು ಇರ್ತೀರಲ್ಲ. ನಂಗೆ ಅಷ್ಟು ಸಾಕು."

ಸರ್ಜನ್‌ಗೆ ಇದ್ದಕ್ಕಿದ್ದಂತೆ ಗೋಡೆಯ ಕ್ಯಾಲೆಂಡರಿನಲ್ಲಿ ಬಹಳ ಆಸಕ್ತಿ ಹುಟ್ಟಿತು. ಕೌನ್ಸೆಲರ್ ಮೂಗು ಒರೆಸಿಕೊಂಡರು.

ಅವಳು ಫಾರಂ ಎಳೆದುಕೊಂಡು 'ಪಕ್ಕದ ಅಂಗಡಿ'ಯನ್ನು ಹೊಡೆದುಹಾಕಿ, ದುಂಡಗೆ ಬರೆದಳು: ಮನೆಯವರು.

"ಅವರನ್ನ ಒಂದು ಮಾತು ಕೇಳ್ಬಾರ್ದಾ?" ಎಂದರು ಸಿಸ್ಟರ್, ನಗು ತಡೆಯುತ್ತ.

"ಅವರು ಕೇಳ್ಲಿ ಅಂತ ಐದು ವರ್ಷ ಕಾದೆ ಸಿಸ್ಟರ್," ಎಂದಳು ಟೈಲರಮ್ಮ. "ಗಡಿಯಾರದವರಿಗೆ ಟೈಮೇ ಗೊತ್ತಾಗ್ಲಿಲ್ಲ!"