ಎಡಭುಜದ ಪಟ್ಟಿ

"ಕವಿಗಳೇ, ಅದು ಎದೆಗೆ ಹಾಕ್ಕೊಳ್ಳೋದಲ್ಲ, ಬೆನ್ನಿಂದು."

ಇಟಲಿಯ ಫೆರಾರಾ ಪಟ್ಟಣದ ಕವಚದಂಗಡಿಯಲ್ಲಿ, ಅಂಗಡಿಯವನ ಮಗಳು ಒರ್ಸೋಲಾ ನನಗೆ ಹೇಳಿದ ಮೊದಲ ಮಾತು ಇದು. ಅರಮನೆಗೆಂದು ಬರೆಯುತ್ತಿದ್ದ ನನ್ನ ಕಾವ್ಯದ ವೀರಕನ್ಯೆಗೆ ಕವಚ ತೊಡಿಸಬೇಕಿತ್ತು. ನೋಡಿ ಬರೆಯೋಣವೆಂದು ಹೋಗಿದ್ದೆ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡು, ತಾನೇ ತೊಟ್ಟು ತೋರಿಸಿದಳು.

"ಎಡಭುಜದ ಪಟ್ಟಿ ನೀವು ಬಿಗೀಬೇಕು. ಇದನ್ನ ಯಾರೂ ಒಬ್ರೇ ಕಟ್ಕೊಳಕ್ಕಾಗಲ್ಲ."

ಪಟ್ಟಿ ಎರಡು ಸಲ ನನ್ನ ಕೈಯಿಂದ ಜಾರಿತು.

"ಕುದುರೆಗೆ ಜೀನು ಕಟ್ಟಿದೀರಾ ಯಾವತ್ತಾದ್ರೂ?" ಎಂದು ಓರೆಗಣ್ಣಲ್ಲಿ ನೋಡಿದಳು. ಆ ನೋಟಕ್ಕಾಗಿ ಚಳಿಗಾಲವಿಡೀ ಅಂಗಡಿಗೆ ಅಲೆದೆ. ಪಟ್ಟಿ ಕಟ್ಟಲು ನನಗಿನ್ನೂ ಬರುವುದಿಲ್ಲವೆಂದು ಇಬ್ಬರೂ ನಟಿಸಿದೆವು.

ಆದರೆ ಕಾವ್ಯದಲ್ಲಿ ವೀರಕನ್ಯೆ ಎಲ್ಲವನ್ನೂ ಒಬ್ಬಳೇ ಬಿಗಿದುಕೊಂಡಳು. ಅವಳು ಶೀಲದ ಪ್ರತಿರೂಪ; ಗಂಡಿನ ಕೈ ಅವಳ ಕವಚಕ್ಕೂ ತಾಗಬಾರದು. ಅರಮನೆಗೆ ಅಂಥದ್ದೇ ಬೇಕು. ಸಾಲದ್ದಕ್ಕೆ, ಪ್ರೀತಿಯ ಹುಚ್ಚಿನಲ್ಲಿ ಅವಳಿಗೆ ಒರ್ಸೋಲಾಳ ಹೆಸರನ್ನೇ ಇಟ್ಟೆ.

ಅರಮನೆಯಲ್ಲಿ ಊಟವಾದ ಮೇಲೆ ಸಭೆಯಲ್ಲಿ ಓದಿದೆ. ಅರಮನೆಯ ಒಡತಿ ಡಚೆಸ್ ಕಣ್ಣೊರೆಸಿಕೊಂಡರು. ಆ ಹೆಸರಿನ ಹುಡುಗಿ ಯಾರೆಂದು ವಿಚಾರಿಸಿ, ಇಂಥವಳು ದೇವರಿಗೇ ಸೇರಬೇಕು ಎಂದರು. ವಾರದೊಳಗೆ ಸನ್ಯಾಸಿನಿಯರ ಮಠದಲ್ಲಿ ಅವಳಿಗೆ ಜಾಗ ನಿಗದಿಯಾಯಿತು.

ಹೆಣ್ಣು ಕೇಳಲು ಓಡಿದೆ. ಅವಳಪ್ಪ ತಲೆಯೆತ್ತಲಿಲ್ಲ.

"ಅರಮನೆಯವ್ರಿಗೆ ಇಲ್ಲ ಅನ್ನಕ್ಕಾಗುತ್ತಾ ಸ್ವಾಮಿ? ಅವಳನ್ನ ಅಷ್ಟೆತ್ತರಕ್ಕೆ ಏರಿಸಿದೋರು ನೀವೇ."

ಅವಳು ಹೊರಡುವ ಬೆಳಿಗ್ಗೆ ಮಂಜು ಕವಿದಿತ್ತು. ಬಾಗಿಲಲ್ಲಿ ಅವಳಿಗೊಂದು ಹಾಳೆ ಕೊಟ್ಟೆ.

"ಕಾವ್ಯ ತಿದ್ದಿದೀನಿ. ಅವಳ ಪಟ್ಟೀನ ಒಬ್ಬ ಕಟ್ತಾನೆ. ಇವತ್ತೇ ಅರಮನೇಲಿ ಓದ್ತೀನಿ."

ಅವಳು ಓದಿದಳು, ನಿಧಾನವಾಗಿ, ಎರಡು ಸಲ.

"ಓದಿದ್ರೆ, ಇವಳನ್ನ ಇವನೇ ಕೆಡಿಸಿದಾನೆ ಅಂತಾರೆ. ಅಪ್ಪನ ಅಂಗಡಿಗೆ ಆಮೇಲೆ ಒಂದು ನರಪಿಳ್ಳೆನೂ ಬರಲ್ಲ." ಹಾಳೆಯನ್ನು ಮಡಚಿ ಅಂಗಿಯ ತೋಳಿನೊಳಗೆ ತುರುಕಿಕೊಂಡಳು. "ಮೊದಲ್ನೇ ದಿನಾನೇ ಹೇಳಿದ್ನಲ್ಲ, ಒಬ್ರೇ ಕಟ್ಕೊಳಕ್ಕಾಗಲ್ಲ ಅಂತ."

"ನಿನ್ನನ್ನ ಪ್ರೀತಿಸ್ತೀನಿ, ಒರ್ಸೋಲಾ."

"ಗೊತ್ತು. ಅದನ್ನ ಅವರಿಗೆ ಓದೋ ಮೊದ್ಲು ನನಗೆ ಹೇಳ್ಬೇಕಿತ್ತು."

ನನ್ನ ಹೊಗಳಿಕೆಯೇ ಅವಳನ್ನು ನನ್ನಿಂದ ಕಿತ್ತುಕೊಂಡಿತ್ತು.

ಗಾಡಿಯವನು ಕೂಗಿದ. ಅವಳು ಎಡಭುಜವನ್ನು ನನ್ನತ್ತ ತಿರುಗಿಸಿದಳು. ಮೇಲಂಗಿಯ ದಾರ ಬಿಚ್ಚಿಕೊಂಡಿತ್ತು. ಕಟ್ಟಿದೆ. ಈ ಸಲ ಕೈಯಿಂದ ಜಾರಲಿಲ್ಲ.

"ಈಗ ಬಂತು ನೋಡಿ ನಿಮಗೆ," ಎಂದು ಗಾಡಿ ಹತ್ತಿದಳು.