ಗೌತಮಿಯ ಸುತ್ತಿಗೆ

ನವೆಂಬರ್ ಹನ್ನೊಂದು, ಬೆಳಿಗ್ಗೆ ಎಂಟೂವರೆ. ವಿಶಾಖಪಟ್ಟಣದ ಬಂದರು ಠಾಣೆಯ ಮೆಟ್ಟಿಲು ಹತ್ತಿ ಬಂದ ಚೆನ್ನಮ್ಮನ ಸೀರೆಯ ಅಂಚು ರಕ್ತದಲ್ಲಿ ನೆನೆದಿತ್ತು. ಆಕೆಯ ಗಂಡ ನಟರಾಜ, ನೌಕಾಪಡೆಯಿಂದ ನಿವೃತ್ತನಾದ ಹಾಸನದವನು, ‘ಗೌತಮಿ’ ಎಂಬ ಸಣ್ಣ ಉಕ್ಕಿನ ಟಗ್ ದೋಣಿಯನ್ನು ನಡೆಸುವ ಮಾಸ್ಟರ್. ತಿಂಡಿ ಕೊಡಲೆಂದು ಜೆಟ್ಟಿಗೆ ಹೋದರೆ ಹಿಂಬದಿಯ ಡೆಕ್ಕಿನ ಮೇಲೆ ಸತ್ತು ಬಿದ್ದಿದ್ದನಂತೆ. ಮುಖ ಉಳಿದಿರಲಿಲ್ಲ, ಉಂಗುರ ನೋಡಿ ಗುರುತು ಹಿಡಿದಳು. ತೆಲುಗಿನಲ್ಲಿ ಶುರುವಾದ ದೂರು ಅರ್ಧಕ್ಕೇ ನಿಂತಿತು, ಮಿಕ್ಕದ್ದು ಕನ್ನಡದಲ್ಲಿ ಬಂತು.

ಇನ್‌ಸ್ಪೆಕ್ಟರ್ ಶೇಷಗಿರಿ ಕರ್ನಾಟಕದ ಗಡಿಗಂಟಿದ ಮಡಕಶಿರಾದವರು. ಮನೆಯಲ್ಲಿ ಕನ್ನಡ, ಠಾಣೆಯಲ್ಲಿ ತೆಲುಗು, ಬೈಗುಳಕ್ಕೆ ಎರಡೂ. ಹೇಳಿಕೆಯನ್ನು ತಾವೇ ಬರೆದುಕೊಂಡು, ಕೊಲೆಯ ಎಫ್‌ಐಆರ್ ಹಾಕಿಸಿ, ಹೆಡ್ ಕಾನ್‌ಸ್ಟೆಬಲ್ ಕಾಮೇಶ್ವರನನ್ನೂ ಕಾನ್‌ಸ್ಟೆಬಲ್ ಪದ್ಮಾಳನ್ನೂ ಕರೆದುಕೊಂಡು ಹೊರಟರು.

ಗೌತಮಿ ನೋಡಲು ಏನೇನೂ ಅಲ್ಲ. ತುಕ್ಕು ಹಿಡಿದ ಮೈ, ಸೊಂಟದ ಸುತ್ತ ಹಳೇ ಟೈರುಗಳು. ಆದರೆ ಬೆಟ್ಟದಂಥ ಹಡಗುಗಳಿಗೆ ಹಗ್ಗ ಹಾಕಿ ದಡಕ್ಕೆ ಎಳೆದು ತರುವುದು ಇದೇ. ವರ್ಷವಿಡೀ ಕತ್ತೆಚಾಕರಿ, ಹೊಗಳಿಕೆಯೆಲ್ಲ ಹಡಗಿಗೆ.

ಪಂಚನಾಮೆ ಶುರುವಾಯಿತು. ನಟರಾಜನ ತಲೆಬುರುಡೆ ಹಲವು ಏಟಿಗೆ ಒಡೆದಿತ್ತು. ತಲೆ ಮುಚ್ಚಿಕೊಳ್ಳಲು ಎತ್ತಿದ್ದ ಕೈಬೆರಳುಗಳೂ ಜಜ್ಜಿಹೋಗಿದ್ದವು. ಹಲ್ಲುಗಳು ಹಗ್ಗದ ಸಿಂಬೆಯೊಳಗೆ ಸಿಕ್ಕವು. ಡೆಕ್ಕಿನ ನಡುವೆ ಹಡಗಿನ ಹಗ್ಗ ಸಿಕ್ಕಿಸುವ ದೊಡ್ಡ ಕೊಕ್ಕೆ, ಅದರ ಪಕ್ಕದ ಕಬ್ಬಿಣದ ಗೂಡಿನಲ್ಲಿ ಒಂದು ಭಾರದ ಸುತ್ತಿಗೆ. ಯಾರೋ ಅದನ್ನು ಚೆನ್ನಾಗಿ ತೊಳೆದು ಇಟ್ಟಿದ್ದರು. ಆದರೂ ಹಿಡಿಯ ಸಂದಿನಲ್ಲಿ ರಕ್ತ ಉಳಿದಿತ್ತು. ಕೊಕ್ಕೆಯ ಕೆಳಗೆ ಕತ್ತರಿಸಿದ ತಂತಿಯ ತುಂಡುಗಳು ಬಿದ್ದಿದ್ದವು. ಸುತ್ತಿಗೆಗೆ ಬಟ್ಟೆ ಸುತ್ತಿ ಮೊಹರು ಹಾಕಿಸಿದರು.

ಡೀಸೆಲ್ ಕಳ್ಳರ ಕೆಲಸ ಎಂದು ಕಾಮೇಶ್ವರ ತೀರ್ಮಾನಿಸಿಬಿಟ್ಟ. ಮಧ್ಯಾಹ್ನದೊಳಗೆ ಒಬ್ಬ ಹಳೇ ಕಳ್ಳನನ್ನು ಎಳೆದು ತಂದು, ಲಾಠಿಯಿಂದ ಅವನ ಎರಡು ಬೆರಳು ಮುರಿದ. ಆಮೇಲೆ ವಿಚಾರಿಸಿದರೆ, ಕೊಲೆಯಾದ ಹೊತ್ತಿಗೆ ಆ ಪುಣ್ಯಾತ್ಮ ಪಕ್ಕದ ಠಾಣೆಯ ಲಾಕಪ್ಪಿನಲ್ಲೇ ಇದ್ದ. ಶೇಷಗಿರಿ ಕಾಮೇಶ್ವರನಿಗೆ ಎರಡೂ ಭಾಷೆಯಲ್ಲಿ ಬೈದು, ಬೆರಳು ಮುರಿದವನನ್ನು ಆಸ್ಪತ್ರೆಗೆ ಕಳಿಸಿದರು. ಬೈದದ್ದು ತಡವಾಯಿತು ಎಂದು ಅವರಿಗೇ ನಾಚಿಕೆಯಾಯಿತು.

ಅವರ ತಲೆ ಕೊರೆಯುತ್ತಿದ್ದದ್ದು ಸುತ್ತಿಗೆ. ಕೈಚಾಚಿದರೆ ಸಮುದ್ರ. ಕೊಂದವನು ಅದನ್ನು ಎಸೆದು ಹೋಗಬಹುದಿತ್ತು. ತೊಳೆದು ಗೂಡಿನಲ್ಲಿಟ್ಟದ್ದು ಯಾಕೆ? ಟಗ್ಗಿನ ಎಂಜಿನ್ ನೋಡಿಕೊಳ್ಳುವ ಅಂಕೋಲೆಯ ಪೃಥ್ವೀರಾಜನನ್ನು ಕೂರಿಸಿ ಕೇಳಿದರು. ಎಳೆಯುವಾಗ ಹಡಗು ಮುಂದಕ್ಕೆ ನುಗ್ಗಿ ಹಗ್ಗ ಅಡ್ಡಕ್ಕೆ ತಿರುಗಿತೆಂದರೆ ಟಗ್ಗು ಕಣ್ಣುಮುಚ್ಚಿ ತೆರೆಯುವುದರೊಳಗೆ ಮಗುಚುತ್ತದೆ. ಆಗ ಕೊಕ್ಕೆಯ ಚಿಲಕಕ್ಕೆ ಆ ಸುತ್ತಿಗೆಯಿಂದ ಒಂದು ಏಟು. ಹಗ್ಗ ಕಳಚಿಕೊಳ್ಳುತ್ತದೆ, ಜನ ಉಳಿಯುತ್ತಾರೆ.

“ಏನೇ ಕೆಲಸ ಇರ್ಲಿ ಸರ್, ಸುತ್ತಿಗೆ ಜಾಗಕ್ಕೆ ಇಟ್ಟೇ ಹೋಗೂದು. ಕೈಗೆ ರೂಢಿ ಆಗಿಹೋಗ್ತದೆ.”

“ತಂತಿ?”

ಪೃಥ್ವೀರಾಜ ನೆಲ ನೋಡಿದ. ಆಮೇಲೆ ಎಲ್ಲ ಹೇಳಿದ. ಚಿಲಕ ಒಮ್ಮೊಮ್ಮೆ ಜಗ್ಗಾಟಕ್ಕೆ ತಾನಾಗಿ ಕಳಚುತ್ತಿತ್ತು. ಹಗ್ಗ ನೀರಿಗೆ ಬಿದ್ದು ಕೆಲಸ ತಡವಾಗಿ ಮಾಲೀಕ ರೇಗುತ್ತಿದ್ದ. ಅದಕ್ಕೆ ನಟರಾಜ ಚಿಲಕವನ್ನು ತಂತಿಯಿಂದ ಬಿಗಿಸಿಬಿಟ್ಟಿದ್ದ. ಕಳೆದ ವರ್ಷ ಹಡಗೊಂದು ನುಗ್ಗಿದಾಗ ಕೊಕ್ಕೆಯ ಬಳಿ ಇದ್ದವನು ಸಚಿನ್. ಹೊಡೆದ, ಹೊಡೆದ, ತಂತಿ ಬಿಡಲಿಲ್ಲ. ಡೆಕ್ಕಿನ ಮೇಲೆ ಬೀಸಿ ಬಂದ ಹಗ್ಗ ಅವನನ್ನು ಕಂಬಿಗೆ ಒತ್ತಿ ಎರಡು ತುಂಡು ಮಾಡಿ, ಆಮೇಲೆ ಹರಿಯಿತು. ಅಲೆಯ ಹೊಡೆತದಿಂದ ಅಪಘಾತ ಎಂದು ವರದಿಯಾಯಿತು. ಪೃಥ್ವೀರಾಜನೂ ಅದಕ್ಕೆ ಸಾಕ್ಷಿ ಹೇಳಿದ್ದ.

ಸಚಿನ್‌ನ ಅಣ್ಣ ಚನ್ನಬಸಪ್ಪ, ಬಾಗಲಕೋಟೆಯವನು, ಇದೇ ಟಗ್ಗಿನ ಆಳು. ಕೊಲೆಯಾದ ದಿನದಿಂದ ಅವನ ಪತ್ತೆಯಿರಲಿಲ್ಲ. ಮತ್ತೆ ತಂತಿ ಕಟ್ಟುವುದಿಲ್ಲ ಎಂದು ನಟರಾಜ ಅವನಿಗೆ ಮಾತು ಕೊಟ್ಟಿದ್ದನಂತೆ. ಕಳೆದ ವಾರ ಹಗ್ಗ ಕಳಚಿತು, ತಂತಿ ವಾಪಸು ಬಂತು.

ಹದಿಮೂರರಂದು ಮಾಲೀಕ ಬಂದು, ಹಡಗು ಕಾಯುತ್ತಿದೆ, ಟಗ್ಗು ಬಿಡಿ ಎಂದು ಮೇಲಿನವರಿಂದ ಫೋನ್ ಮಾಡಿಸಿದ. ಪರಿಶೀಲನೆ ಮುಗಿದಿತ್ತು. ಶೇಷಗಿರಿ ಸಹಿ ಹಾಕಿ, ಕಾಮೇಶ್ವರ, ಪದ್ಮಾ ಇಬ್ಬರನ್ನೂ ಕರೆದುಕೊಂಡು ವಿಜಯವಾಡದ ರೈಲು ಹತ್ತಿದರು. ಸಚಿನ್‌ನ ಹೆಂಡತಿ ಅಪೂರ್ವ ಅಲ್ಲಿ ಭವಾನಿಪುರಂನಲ್ಲಿದ್ದಳು.

ಪದ್ಮಾ ಸಾದಾ ಉಡುಪಿನಲ್ಲಿ ಹೋಗಿ ಮಾತಾಡಿಸಿದಳು. ಭಾವ ಬಂದಿದ್ದ, ಊಟ ಮಾಡಿದ, ಇನ್ನು ಆ ಕೊಕ್ಕೆಗೆ ಯಾರೂ ತಂತಿ ಕಟ್ಟುವುದಿಲ್ಲ ಎಂದಷ್ಟೇ ಹೇಳಿ ಹೋದ ಎಂದಳು ಅಪೂರ್ವ. ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಅವನಿಗೆ ಗುರುತಿನವರಿದ್ದರು.

ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆ. ಪೊಲೀಸರನ್ನು ಕಂಡ ಚನ್ನಬಸಪ್ಪ ಕೈಯಲ್ಲಿದ್ದ ಕಬ್ಬಿಣದ ಪಟ್ಟಿ ಬೀಸಿದ. ಕಾಮೇಶ್ವರನ ಹುಬ್ಬು ಸೀಳಿತು. ಕಾಮೇಶ್ವರ ಅವನ ಹೊಟ್ಟೆಗೆ ಒದ್ದು ಕೆಡವಿ ಬೇಡಿ ಹಾಕಿದ. ಅಲ್ಲಿನ ಠಾಣೆ ಕೊಟ್ಟಿದ್ದ ಜೀಪಿನ ಪಕ್ಕದಲ್ಲೇ ವಿಚಾರಣೆ ನಡೆಯಿತು.

“ಯಾಕೆ ಕೊಂದೆ?”

“ತಂತಿ ಕಡ್ಯಾಕ ಹತ್ತಿದ್ನಿರಿ. ಬಂದು ಕಪಾಳಕ್ಕ ಹೊಡದ. ನಿನ್ನ ತಮ್ಮನ ಕೈಯಾಗ ಕಸುವಿರಲಿಲ್ಲ, ಅದಕ್ಕ ಸತ್ತ ಅಂದ. ಸುತ್ತಿಗಿ ಬಾಜೂಕ ಇತ್ತು.”

“ಎಷ್ಟು ಏಟು?”

“ನನ್ನ ತಮ್ಮ ಎಷ್ಟು ಹೊಡದಿದ್ನೋ ಅಷ್ಟು.”

“ಸುತ್ತಿಗೆಯನ್ನು ಸಮುದ್ರಕ್ಕೆ ಎಸೆದಿದ್ದರೆ ನೀನು ಸಿಗುತ್ತಲೇ ಇರಲಿಲ್ಲ.”

“ಒಗದ್ರ ಪೃಥ್ವಿ ಗತಿ ಏನ್ರಿ? ಅವತ್ತ ಟಗ್ ಹೊಂಡೂದಿತ್ತು.” ಆಮೇಲೆ ಅವನೇ ಕೇಳಿದ: “ಸುತ್ತಿಗಿ ನೀವು ಒಯ್ದಿರಬೇಕಲ್ರಿ ಸಾಹೇಬ್ರ. ಆ ಜಾಗಾದಾಗ ಬ್ಯಾರೆ ಇಟ್ರೇನು?”

ಸುತ್ತಿಗೆ ಮೊಹರಿನೊಂದಿಗೆ ಠಾಣೆಯ ಬೀರುವಿನಲ್ಲಿತ್ತು. ಶೇಷಗಿರಿ ತಕ್ಷಣ ಪೃಥ್ವೀರಾಜನಿಗೆ ಫೋನ್ ಮಾಡಿದರು. ಎಂಜಿನ್ನಿನ ಸದ್ದಿನ ನಡುವೆ ಅವನು ಕೂಗಿ ಹೇಳಿದ. ಹೊಸ ಮಾಸ್ಟರ್ ಬಂದಿದ್ದಾನೆ, ಹಡಗಿಗೆ ಹಗ್ಗ ಹಾಕಿದೆ, ಸುತ್ತಿಗೆ ಇನ್ನೂ ಬಂದಿಲ್ಲ. ಹೇಗೂ ಸುತ್ತಿಗೆಯಿಲ್ಲವೆಂದು ಚಿಲಕಕ್ಕೆ ತಂತಿ ಬಿಗಿದಿದ್ದಾರೆ. ಬೇಡವೆಂದರೆ ಕೆಲಸ ಹೋಗುತ್ತದೆ ಸರ್ ಎಂದ.

ಶೇಷಗಿರಿ ಬಂದರಿನ ಕಂಟ್ರೋಲ್ ರೂಮಿಗೆ ಫೋನ್ ಮಾಡಿ, ಕಿರುಚಾಡಿ, ಟಗ್ಗನ್ನು ನಿಲ್ಲಿಸಿದರು. ಮಾಲೀಕನ ಮೇಲೂ ಕೇಸು ಹಾಕಲು ಹೇಳಿದರು. ಎಲ್ಲವನ್ನೂ ಕೇಳಿಸಿಕೊಂಡ ಚನ್ನಬಸಪ್ಪ ತಿರುಗಿ, ಜೀಪಿನ ಬಾಗಿಲಿಗೆ ಹಣೆ ಚಚ್ಚತೊಡಗಿದ. ಮೂವರೂ ಸೇರಿ ಹಿಡಿಯುವಷ್ಟರಲ್ಲಿ ಗಾಜು ಪುಡಿಯಾಗಿ, ಅವನ ಮುಖವೆಲ್ಲ ರಕ್ತವಾಗಿತ್ತು.

ಆರೋಪಪಟ್ಟಿಯ ಕರಡಿನಲ್ಲಿ ಕೊಲೆಗೆ ಕಾರಣ ಎಂಬಲ್ಲಿ ಕಾಮೇಶ್ವರ ‘ತಮ್ಮನ ಸಾವಿನ ದ್ವೇಷ’ ಎಂದು ಬರೆದಿದ್ದ. ಶೇಷಗಿರಿ ಅದನ್ನು ಹಾಗೇ ಬಿಟ್ಟರು. ಅದರ ಕೆಳಗೆ, ‘ಟಗ್ಗಿನಲ್ಲಿ ಉಳಿದವರು ಸಾಯಬಾರದೆಂದು’ ಎಂಬ ಒಂದು ಸಾಲನ್ನು ತಾವೇ ಸೇರಿಸಿ ಸಹಿ ಹಾಕಿದರು.