ಮಂಚದ ಕೆಳಗಿನ ಸ್ಟೂಲು

"ಫೋರ್ಕ್ ಎಡಗಡೆ ಅಜ್ಜಿ, ಎಡಗಡೆ! ಎಷ್ಟು ಸಲ ಹೇಳ್ಬೇಕು?"

ಸುಗತ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ಅಜ್ಜಿ ಮಂಜುಳಮ್ಮ ಫೋರ್ಕನ್ನು ತಟ್ಟೆಯ ಬಲಗಡೆಯಿಂದ ಎತ್ತಿ ಎಡಗಡೆ ಇಟ್ಟರು.

"ಎಡಗೈಲಿ ಯಾರಾದ್ರೂ ಉಣ್ತಾರೇನೋ?"

"ಕಾವೇರಿ ಮಿಸ್ ಹಂಗೇ ಹೇಳ್ಕೊಟ್ಟಿರೋದು. ಕರ್ಚೀಫ್ ಮಡಿಚಿ ತೊಡೆ ಮೇಲೆ ಹಾಕ್ಕೊ. ಆಮೇಲೆ ಮೇನ್ ರೂಲು. ಹೋಸ್ಟ್ ತಿನ್ನೋಕೆ ಶುರು ಮಾಡೋವರೆಗೂ ಯಾರೂ ತಿನ್ನಂಗಿಲ್ಲ. ಹೋಸ್ಟ್ ಅಂದ್ರೆ ಊಟಕ್ಕೆ ಕರೆದೋರು. ಅಂದ್ರೆ ನಾನು."

"ಆಗ್ಲಿ ಬುಡಪ್ಪಾ ಹೋಸ್ಟು," ಅಂದರು ಅಜ್ಜಿ.

ವಾರವಿಡೀ ಇದೇ ಪಾಠ. ಭಾನುವಾರ ಅವನ ಕ್ಲಾಸಿನ ರಶ್ಮಿ ಊಟಕ್ಕೆ ಬರುವವಳಿದ್ದಳು. ಇಂದಿರಾನಗರದ ಅವಳ ಮನೆಯಲ್ಲಿ ದೊಡ್ಡ ಗಾಜಿನ ಡೈನಿಂಗ್ ಟೇಬಲ್ ಇದೆ. ಹೋದ ತಿಂಗಳು ಅಲ್ಲಿ ಸುಗತನ ಕೈಯಿಂದ ಚಮಚ ಜಾರಿ ಠಣ್ ಅಂತ ಬಿದ್ದು, ಅವನ ಕಿವಿಯೆಲ್ಲ ಬಿಸಿಯಾಗಿತ್ತು. ತನ್ನ ಮನೆಯೂ ಏನು ಕಡಿಮೆ ಇಲ್ಲ ಎಂದು ಅವನು ತೋರಿಸಲೇಬೇಕಿತ್ತು.

ಹೊಸ ತಿಪ್ಪಸಂದ್ರದ ಅವರ ಮನೆಗೂ ಈಗ ಟೇಬಲ್ ಬಂದಿತ್ತು. ಅಪ್ಪ ಶಿವಾಜಿನಗರದಿಂದ ಗೂಡ್ಸ್ ಆಟೊದಲ್ಲಿ ತಂದ ಹಳೇ ಟೇಬಲ್ಲು, ನಾಲ್ಕು ಕುರ್ಚಿ. ಐದನೆಯವರಿಗೆ ಸ್ಟೂಲು.

ಶನಿವಾರ ಅಜ್ಜಿ ರಾಗಿಮುದ್ದೆಗೆ ಫೋರ್ಕ್ ಚುಚ್ಚಿದರು. ಫೋರ್ಕ್ ನೆಟ್ಟಗೆ ನಿಂತೇಬಿಟ್ಟಿತು! ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅದನ್ನು ಕಿತ್ತಿಟ್ಟು, ಕೈಯಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದಿ ಗುಳುಂ ಅಂತ ನುಂಗಿದರು. ಕೊನೆಗೆ ತಟ್ಟೆ ಎತ್ತಿ ಸಾರನ್ನು ಸೊರ್ ಅಂತ ಕುಡಿದರು.

ಸುಗತನಿಗೆ ನಗು ಬರಲಿಲ್ಲ. ರಶ್ಮಿ ಇದನ್ನು ನೋಡಿದರೆ ಸೋಮವಾರ ಇಡೀ ಕ್ಲಾಸಿಗೆ ಗೊತ್ತಾಗುತ್ತದೆ.

ಭಾನುವಾರ ಎದ್ದವನೇ ಅವನು ಸ್ಟೂಲನ್ನು ಮಂಚದ ಕೆಳಗೆ ಗೋಡೆಯವರೆಗೂ ತಳ್ಳಿದ.

ಮಧ್ಯಾಹ್ನ ರಶ್ಮಿ ಬಂದಳು. "ಅಯ್ಯ, ಟೇಬಲ್ ಸೂಪರಾಗಿ ಇಟ್ಟೀಯಲ್ಲೋ!" ಅಂದಳು. ಸುಗತ ಉಬ್ಬಿಹೋದ.

"ಅಜ್ಜಿ ತಟ್ಟೆ ಎಲ್ಲೋ? ಸ್ಟೂಲ್ ಎಲ್ಲಿ?" ಅಮ್ಮ ಕೇಳಿದರು.

"ಗೊತ್ತಿಲ್ಲಮ್ಮ. ಅಜ್ಜಿಗೆ ಹಸಿವಿಲ್ವಂತೆ."

ಅಜ್ಜಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು. ಮೊಮ್ಮಗನ ಮುಖವನ್ನು ಒಮ್ಮೆ ನೋಡಿದರು.

"ಹೂಂ ಕಣಮ್ಮ. ನೀವು ಉಣ್ಣಿ. ನಂಗೆ ಆಮ್ಯಾಕೆ," ಎಂದು ಒಳಗೆ ಹೋದರು.

ನಾಲ್ವರೂ ಕುಳಿತರು. ಅಮ್ಮ ಬಡಿಸಿದರು. "ಹೋಸ್ಟ್ ಸಾಹೇಬ್ರೇ, ಶುರು ಮಾಡಿ. ಹೊಟ್ಟೆ ತಾಳ ಹಾಕ್ತಿದೆ," ಅಂದರು ಅಪ್ಪ. ಆಗಲೇ ಸುಗತನಿಗೆ ನೀರಿನ ಜಗ್ ಮರೆತದ್ದು ನೆನಪಾಯಿತು. ಅಡುಗೆಮನೆಗೆ ಓಡಿದ.

ಅಜ್ಜಿ ಗ್ಯಾಸ್ ಸಿಲಿಂಡರ್ ಪಕ್ಕ ನೆಲದ ಮೇಲೆ ಕುಳಿತಿದ್ದರು. ಮುಂದೆ ತಟ್ಟೆ, ತಟ್ಟೆಯಲ್ಲಿ ಮುದ್ದೆ, ಸಾರು. ಬಲಗಡೆ ಚಮಚ. ಫೋರ್ಕ್‌ಗಳೆಲ್ಲ ಟೇಬಲ್ ಮೇಲಿದ್ದವಲ್ಲ, ಎಡಗಡೆ ಅದರ ಜಾಗದಲ್ಲಿ ಒಂದು ಟೀ ಚಮಚ. ತೊಡೆಯ ಮೇಲೆ ಮಡಿಚಿದ ಕರ್ಚೀಫು. ಮುದ್ದೆಯನ್ನು ಇನ್ನೂ ಮುಟ್ಟಿರಲಿಲ್ಲ.

"ಶುರು ಮಾಡಿದ್ಯೇನೋ?" ಅಜ್ಜಿ ಪಿಸುಗುಟ್ಟಿದರು. "ಮಾಡಿದ್ಮ್ಯಾಕೆ ಒಂದು ಕೂಗು ಹಾಕು ಮಗಾ. ನಾನೂ ಉಣ್ತೀನಿ."

ಸುಗತನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಚಮಚ ಬಿದ್ದ ದಿನದ ನಾಚಿಕೆ ಇದರ ಮುಂದೆ ಏನೂ ಅಲ್ಲ. ಜಗ್ ಅಲ್ಲೇ ಬಿಟ್ಟು ಹೊರಗೆ ಬಂದು ಮಂಚದ ಕೆಳಗೆ ತೂರಿದ. ಸ್ಟೂಲು ಕರ್ರ್ ಅಂತ ಸದ್ದು ಮಾಡುತ್ತಾ ಈಚೆ ಬಂತು. ಎಲ್ಲರೂ ತಿರುಗಿ ನೋಡಿದರು.

"ಗೊತ್ತಿಲ್ಲ ಅಂದ್ಯಲ್ಲೋ?" ಅಂದರು ಅಮ್ಮ.

"ನಾನೇ ಬಚ್ಚಿಟ್ಟಿದ್ದೆ," ಅಂದ ಸುಗತ, ನೆಲ ನೋಡುತ್ತಾ. ರಶ್ಮಿಗೂ ಕೇಳಿಸಿತು. ಕೇಳಿಸಲಿ.

ಒಳಗೆ ಹೋಗಿ ಅಜ್ಜಿಯ ತಟ್ಟೆ ಎತ್ತಿಕೊಂಡ. "ಬಾ ಅಜ್ಜಿ. ಸ್ಟೂಲ್ ಸಿಕ್ತು."

ಅಜ್ಜಿ ಅವನ ಭುಜ ಹಿಡಿದು ಎದ್ದರು. "ಬೆಳಿಗ್ಗೆ ಕಸ ಗುಡಿಸ್ವಾಗ್ಲೇ ನೋಡ್ದೆ ಕಣೋ," ಎಂದು ಅವನಿಗೆ ಮಾತ್ರ ಕೇಳುವಂತೆ ಹೇಳಿದರು.

ಸುಗತ ಅಜ್ಜಿಯನ್ನು ತನ್ನ ಕುರ್ಚಿಯಲ್ಲಿ ಕೂರಿಸಿ, ತಾನು ಸ್ಟೂಲಿನ ಮೇಲೆ ಕುಳಿತ.

ರಶ್ಮಿಯ ಫೋರ್ಕ್ ಮುದ್ದೆಯಲ್ಲಿ ನೆಟ್ಟಗೆ ನಿಂತಿತ್ತು. "ಅಜ್ಜೀ, ನಮ್ಮನ್ಯಾಗ ಬರೀ ರೊಟ್ಟಿ. ಇದನ್ನ ಹೆಂಗ ತಿನ್ನೋದ್ರಿ?"

"ಹೋಸ್ಟ್ ಶುರು ಮಾಡ್ಲಿ ಇರವ್ವ, ತೋರಿಸ್ತೀನಿ," ಅಂದರು ಅಜ್ಜಿ. ಅವರ ಕೈ ತೊಡೆಯ ಕರ್ಚೀಫಿನ ಮೇಲೇ ಇತ್ತು.

ಸುಗತ ಕೈಯಲ್ಲೇ ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗಿಟ್ಟುಕೊಂಡ. ತುತ್ತು ಬಾಯಲ್ಲೇ ಉಳಿಯಿತು. ಆದರೆ ಅವನು ನುಂಗದೆ ಅಜ್ಜಿ ಉಣ್ಣುವುದಿಲ್ಲ. ಕಣ್ಣು ಮುಚ್ಚಿ ನುಂಗಿದ.

ಆಮೇಲೆ ಅಜ್ಜಿಯ ಕೈ ತಟ್ಟೆಗೆ ಹೋಯಿತು.